ಎಲ್ಲಾಸ್ ಲಾ: ಉಸಿರಾಡುವವರ ಹಕ್ಕಿನ ಮಸೂದೆ

'ಎಲ್ಲಾಸ್ ಲಾ' ಅಂದರೆ ಎಲ್ಲಾಳ ಕಾನೂನು, ಶುದ್ಧ ಗಾಳಿಗಾಗಿ ಬ್ರಿಟನ್ನಿನಲ್ಲಿ ಬಂದ ಒಂದು ಮಸೂದೆಯ ಅಡ್ಡಹೆಸರು. ಇಲ್ಲಿರುವ 'ಎಲ್ಲಾ' ನಮ್ಮ ಎಲ್ಲರೂ, ಎಲ್ಲವೂ ಅನ್ನೋ 'ಎಲ್ಲಾ' ಅಲ್ಲ. ಒಬ್ಬ ಹುಡುಗಿಯ ಹೆಸರು, ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ. ಆಗ್ನೇಯ ಲಂಡನ್ನಿನ ಲೂಯಿಷಮ್‌ನಲ್ಲಿ, ಸದಾ ಗಾಡಿಗಳಿಂದ ಗಿಜಿಗುಡುವ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರವೇ ಅವಳ ಮನೆ. ಮಗುವಿಗೆ ವಿಪರೀತ ಆಸ್ತಮಾ. ಮೂರು ವರ್ಷಗಳಲ್ಲಿ 25ಕ್ಕೂ ಜಾಸ್ತಿ ಸಲ ಆಸ್ಪತ್ರೆ ಸೇರಿದಳು. 2013ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವಳಿಗಿನ್ನೂ ಒಂಬತ್ತು ವರ್ಷ.

ಸಾವಿನ ಕಾರಣ ತಿಳಿಯಲು ಮರುವರ್ಷ ನಡೆದ ವಿಚಾರಣೆಯ ತೀರ್ಮಾನದಲ್ಲಿ ಗಾಳಿಯ ಹೆಸರಿರಲಿಲ್ಲ. ತಾಯಿ ರೋಸಮಂಡ್ ಅಲ್ಲಿಗೇ ಬಿಡಲಿಲ್ಲ. 2019ರಲ್ಲಿ ಹೈಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. 2020ರ ಡಿಸೆಂಬರ್‌ನಲ್ಲಿ ಎರಡನೇ ವಿಚಾರಣೆ ಮುಗಿದಾಗ ಸಾವಿನ ಕಾರಣ ಬರೆಯುವ ಜಾಗದಲ್ಲಿ ಮೂರು ಸಾಲುಗಳಿದ್ದವು. ತೀವ್ರ ಉಸಿರಾಟ ವೈಫಲ್ಯ. ತೀವ್ರ ಆಸ್ತಮಾ. ಮೂರನೆಯದು, ವಾಯುಮಾಲಿನ್ಯ. ಬ್ರಿಟನ್ನಿನಲ್ಲಿ ಒಬ್ಬರ ಸಾವಿಗೆ ಹೀಗೆ ಬರೆದದ್ದು ಅದೇ ಮೊದಲು. ಆ ಮೂರನೇ ಸಾಲು ಬರೆಸೋಕೆ ಒಬ್ಬ ತಾಯಿಗೆ ಏಳು ವರ್ಷ ಹಿಡಿಯಿತು.

ಮಸೂದೆಯ ಅಧಿಕೃತ ಹೆಸರು ಕ್ಲೀನ್ ಏರ್ ಹ್ಯೂಮನ್ ರೈಟ್ಸ್ ಬಿಲ್. ಗ್ರೀನ್ ಪಕ್ಷದ ಜೆನ್ನಿ ಜೋನ್ಸ್ ಇದನ್ನು 2022ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮಂಡಿಸಿದರು. ಶುದ್ಧ ಗಾಳಿ ಉಸಿರಾಡುವುದು ಮನುಷ್ಯರ ಹಕ್ಕು ಅನ್ನುವುದು ಇದರ ತಿರುಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಡುವಿನೊಳಗೆ ಗಾಳಿಯನ್ನು ಶುದ್ಧ ಮಾಡುವ ಹೊಣೆ ಸರ್ಕಾರದ್ದು. ಅದರ ಮೇಲೆ ಕಣ್ಣಿಡಲು, ಬೇಕಾದರೆ ಕೋರ್ಟಿಗೂ ಹೋಗಲು ಒಂದು ನಾಗರಿಕ ಆಯೋಗ.

'ಹಕ್ಕು' ಅನ್ನೋ ಮಾತು ಯಾಕೆ ಬೇಕು? ಗಾಳಿಗೆ ಕಾನೂನು ಮೊದಲೇ ಇತ್ತಲ್ವಾ? ಇತ್ತು. 1952ರ ಡಿಸೆಂಬರ್‌ನಲ್ಲಿ ಲಂಡನ್ನಿಗೆ ಕವಿದ ಹೊಗೆಮಂಜು ಸಾವಿರಾರು ಜನರ ಜೀವ ತೆಗೆದ ಮೇಲೆ, 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂತು. ಅದು ಮುಖ್ಯವಾಗಿ ಕಲ್ಲಿದ್ದಲಿನ ಹೊಗೆ ಬಿಡುವವರಿಗೆ ಹಾಕಿದ ಕಟ್ಟುಪಾಡು. ಎಲ್ಲಾಸ್ ಲಾ ಉಸಿರಾಡುವವರ ಕಡೆಯಿಂದ ಹೊರಡುತ್ತದೆ. ಹಕ್ಕು ಅಂತ ಬರೆದ ಮೇಲೆ, ಗಾಳಿ ಕೆಟ್ಟಿದ್ದರೆ 'ನಮಗೆ ಸಿಗಬೇಕಾದ್ದು ಸಿಕ್ಕಿಲ್ಲ' ಅಂತ ಜನ ಕೇಳಬಹುದು. ಬರೀ ಗುರಿ ಇದ್ದರೆ ಅದನ್ನು ಸುಮ್ನೆ ಮುಂದಕ್ಕೆ ಹಾಕುತ್ತಾ ಹೋಗಬಹುದು.

ಪಿಎಂ 2.5 ತಗೊಳ್ಳಿ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಇಂಗ್ಲೆಂಡ್ 2023ರಲ್ಲಿ ಕಾನೂನಿನಲ್ಲಿ ಇಟ್ಟುಕೊಂಡ ಗುರಿ 10, ಅದೂ 2040ಕ್ಕೆ. ಅಷ್ಟರಲ್ಲಿ ಇವತ್ತಿನ ಮಕ್ಕಳು ಬೆಳೆದು ದೊಡ್ಡವರಾಗಿರುತ್ತಾರೆ.

2022ರ ಡಿಸೆಂಬರ್‌ನಲ್ಲಿ ಲಾರ್ಡ್ಸ್ ಮಸೂದೆಯನ್ನು ಪಾಸು ಮಾಡಿತು. ಕೆಳಮನೆಯಾದ ಕಾಮನ್ಸ್‌ನಲ್ಲಿ ಗ್ರೀನ್ ಪಕ್ಷದ ಸಂಸದೆ ಕ್ಯಾರೊಲೈನ್ ಲೂಕಸ್ ಅದರ ಪರ ನಿಂತರು. ಆದರೆ ಅಧಿವೇಶನ ಮುಗಿಯುವಷ್ಟರಲ್ಲಿ ಅಲ್ಲಿ ಪಾಸಾಗದೆ ಬಿದ್ದುಹೋಯಿತು.