ಒಂದೇ ನಂಬರ್, ಇಬ್ಬರು ವಾರಸುದಾರರು

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಮಾವನದ್ದು ಮೆಕ್ಕೆಜೋಳದ ಮಂಡಿ. ಸುಗ್ಗಿ ಟೈಮಲ್ಲಿ ಅಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಅಂಥ ಹೊತ್ತಿನಲ್ಲೇ ತೂಕದ ಮಷೀನಿನಿಂದ ಕಂಪ್ಯೂಟರಿಗೆ ತೂಕ ಬರುವುದು ನಿಂತುಹೋಯಿತು. ಮಷೀನಿನ ಮೇಲೆ ಅಂಕಿ ಕಾಣುತ್ತಿದೆ, ಬಿಲ್ಲಿನಲ್ಲಿ ಮಾತ್ರ ಖಾಲಿ. ಗುಮಾಸ್ತರು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಕೂತಿದ್ದರು. "ವೈರ್ ಹೋಗೇತಿ ಅನ್ಸುತ್ತೆ ನೋಡಪ್ಪಾ, ಹೊಸದು ತರಿಸ್ಲಾ?" ಅಂದರು ಮಾವ.

ವೈರ್ ಹೋಗಿರಲಿಲ್ಲ. ಹಿಂದಿನ ದಿನವಷ್ಟೇ ಆ ಕಂಪ್ಯೂಟರಿಗೆ ಹೊಸ ಲಿನಕ್ಸ್ (ವಿಂಡೋಸ್ ತರಹದ್ದೇ ಒಂದು ಆಪರೇಟಿಂಗ್ ಸಿಸ್ಟಮ್) ಹಾಕಿಸಿದ್ದರು. ತೂಕದ ಮಷೀನಿನ ಹಿಂದೆ ಇರುವುದು ಆರ್‌ಎಸ್-232 ಪೋರ್ಟ್, 1960ರಲ್ಲಿ ಬಂದ ಪದ್ಧತಿ. ಮಾವನ ಕಂಪ್ಯೂಟರಿನಲ್ಲಿ ಆ ಪೋರ್ಟ್ ಇಲ್ಲ, ಅದಕ್ಕೇ ನಡುವೆ ಒಂದು ಯುಎಸ್‌ಬಿ ಕನ್ವರ್ಟರ್ ಕೇಬಲ್. ಅದರೊಳಗೆ ಸಿಎಚ್340 ಎಂಬ ಚಿಪ್. ಕೇಬಲ್ ಕಿತ್ತು ಮತ್ತೆ ಚುಚ್ಚಿ, ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬರೆಯುವ ಲಾಗ್ (ದಿನಚರಿ) ನೋಡಿದೆ. ಕನ್ವರ್ಟರ್ ಸಿಕ್ಕಿತು ಎಂದು ಒಂದು ಸಾಲು. ಕೆಲವೇ ಕ್ಷಣದಲ್ಲಿ, ಕನ್ವರ್ಟರ್ ಬಿಟ್ಟುಹೋಯಿತು ಎಂದು ಇನ್ನೊಂದು ಸಾಲು. ಕೇಬಲ್ ಅಲ್ಲೇ ಇದೆ, ಯಾರೂ ಕಿತ್ತಿಲ್ಲ!

ಇದು ಅರ್ಥವಾಗಬೇಕಾದರೆ ಕೇಬಲ್ ಚುಚ್ಚಿದಾಗ ಒಳಗೆ ಏನಾಗುತ್ತದೆ ಅಂತ ನೋಡಬೇಕು.  ಕರ್ನಲ್ ಮೊದಲು ಆ ಸಾಧನಕ್ಕೆ 1ರಿಂದ 127ರೊಳಗೆ ಒಂದು ವಿಳಾಸ ಕೊಡುತ್ತದೆ. ಆಮೇಲೆ "ನೀನ್ಯಾರು?" ಅಂತ ಕೇಳುತ್ತದೆ. ಸಾಧನ 18 ಬೈಟ್‌ಗಳ ಒಂದು ಚೀಟಿ ಕೊಡುತ್ತದೆ. ಅದರಲ್ಲಿ ಎರಡು ನಂಬರ್ ಮುಖ್ಯ: ತಯಾರಿಸಿದವರದ್ದು ಒಂದು, ಸರಕಿನದ್ದು ಒಂದು. ನಮ್ಮ ಕೇಬಲ್ಲಿನದ್ದು 1ಎ86 ಮತ್ತು 7523.

ಸಾಧನವನ್ನು ಮಾತಾಡಿಸಿ ನಡೆಸುವ ಪ್ರೋಗ್ರಾಮೇ ಡ್ರೈವರ್. ಪ್ರತಿ ಡ್ರೈವರ್ ಹತ್ತಿರವೂ ತಾನು ನೋಡಿಕೊಳ್ಳಬಲ್ಲ ನಂಬರ್‌ಗಳ ಪಟ್ಟಿ ಇರುತ್ತದೆ. ಕರ್ನಲ್ ಚೀಟಿಯನ್ನು ಆ ಪಟ್ಟಿಗಳ ಜೊತೆ ಹೋಲಿಸುತ್ತದೆ. ಜೊತೆಗೆ "ಇಂಥ ನಂಬರ್ ಬಂದಿದೆ" ಅಂತ ಹೊರಗೆ ಕೂಗಿ ಹೇಳುತ್ತದೆ. ತಕ್ಕ ಡ್ರೈವರ್ ಇನ್ನೂ ಮೆಮೊರಿಯಲ್ಲೇ ಇಲ್ಲದಿದ್ದರೆ, ಈ ಕೂಗನ್ನೇ ಕಾಯುತ್ತಿರುವ ಯುಡೆವ್ ಎಂಬ ಪ್ರೋಗ್ರಾಂ ಡಿಸ್ಕಿನಿಂದ ಡ್ರೈವರನ್ನು ತರಿಸಿ ಒಳಗೆ ಸೇರಿಸುತ್ತದೆ. ಕೀಬೋರ್ಡ್, ಪೆನ್‌ಡ್ರೈವ್‌ಗಳಿಗೆ ಈ ಎರಡು ನಂಬರ್ ನೋಡಬೇಕಿಲ್ಲ. ಅವು ಕೊಡುವ ಇನ್ನೊಂದು ಚೀಟಿಯಲ್ಲಿ ಜಾತಿಯೇ ಬರೆದಿರುತ್ತದೆ: ಕೀಬೋರ್ಡ್, ಮೌಸ್ ಆದರೆ 03, ಪೆನ್‌ಡ್ರೈವ್ ಆದರೆ 08. ಅದಕ್ಕೇ ಯಾವ ಕಂಪನಿಯ ಪೆನ್‌ಡ್ರೈವ್ ಹಾಕಿದರೂ ಸುಮ್ನೆ ಓಡುತ್ತದೆ.

ನಂಬರ್ ಹೊಂದಿತು ಅಂದ ಮಾತ್ರಕ್ಕೆ ಗಂಟು ಬೀಳುವುದಿಲ್ಲ. ನನಗೆ ಇಡೀ ವ್ಯವಸ್ಥೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದೇ. ಕರ್ನಲ್ ಆ ಡ್ರೈವರಿನ ಪ್ರೋಬ್ ಎಂಬ ಫಂಕ್ಷನ್ನನ್ನು ಕರೆಯುತ್ತದೆ. ಅಂದರೆ, ಚೀಟಿ ನೋಡಿದ್ದಾಯಿತು, ಈಗ ಚೀಲ ಬಿಚ್ಚಿ ಕಾಳು ನೋಡು ಅಂತ. ಡ್ರೈವರ್ ಸಾಧನವನ್ನು ಮಾತಾಡಿಸಿ, ಎಲ್ಲ ಸರಿ ಇದ್ದರೆ ಸೊನ್ನೆ ಹೇಳುತ್ತದೆ. ಆಗ ಸಾಧನ, ಡ್ರೈವರ್ ಇಬ್ಬರೂ ಬೈಂಡ್ ಆದರು, ಗಂಟು ಬಿತ್ತು. ಬೇಡ ಅಂದರೆ ಕರ್ನಲ್ ಪಟ್ಟಿಯಲ್ಲಿ ಮುಂದಿನವರ ಹತ್ತಿರ ಹೋಗುತ್ತದೆ. "ಈಗಾಗಲ್ಲ, ಆಮೇಲೆ ಕೇಳು" ಅನ್ನಲಿಕ್ಕೂ ಒಂದು ಉತ್ತರ ಇದೆ, ಅದರ ನಂಬರ್ 517. ಮೊಬೈಲ್ ತರಹದ ಸಾಧನಗಳಲ್ಲಿ ಇದು ತುಂಬಾ ಬೇಕು. ಕ್ಯಾಮೆರಾದ ಡ್ರೈವರ್ ಏಳುವ ಹೊತ್ತಿಗೆ ಕ್ಯಾಮೆರಾಕ್ಕೆ ಕರೆಂಟ್ ಕೊಡುವ ಚಿಪ್ಪಿನ ಡ್ರೈವರ್ ಇನ್ನೂ ಎದ್ದಿರುವುದಿಲ್ಲ. 517 ಅಂದರೆ ಕರ್ನಲ್ ಅದನ್ನು ಪಕ್ಕಕ್ಕಿಟ್ಟು, ಬೇರೆಯವರು ಸಿದ್ಧರಾದ ಮೇಲೆ ಮತ್ತೆ ಕರೆಯುತ್ತದೆ.

ಒಂದೇ ಸಾಧನ ಇಬ್ಬರ ಪಟ್ಟಿಯಲ್ಲೂ ಇದ್ದರೆ? ನಮ್ಮ ಯಾರ್ಡಿನ ಟೆಂಡರಿನಲ್ಲಿ ಒಂದು ಲಾಟ್ ಜಾಸ್ತಿ ಬೆಲೆ ಬರೆದವರಿಗೆ ಸೇರುತ್ತದೆ. ವಿಂಡೋಸ್ ಕೂಡ ಡ್ರೈವರ್‌ಗಳಿಗೆ ದರ್ಜೆ ಕೊಟ್ಟು, ಮೇಲಿನದನ್ನು ಆರಿಸುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಹಾಗಿಲ್ಲ. ಪ್ರೋಬ್‌ನಲ್ಲಿ ಮೊದಲು ಒಪ್ಪಿದವರಿಗೇ ಸಾಧನ.

ಮಂಡಿಯಲ್ಲಿ ಆಗಿದ್ದು ಇದಕ್ಕೂ ಒಂದು ಹೆಜ್ಜೆ ಮುಂದೆ. ಸಿಎಚ್341 ಎಂಬ ಡ್ರೈವರ್ ಕೇಬಲ್ಲನ್ನು ಸರಿಯಾಗಿಯೇ ಹಿಡಿದಿತ್ತು. ಸಿಎಚ್340 ಚಿಪ್ಪನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಹೊಸ ಲಿನಕ್ಸ್ ಜೊತೆ ಇನ್ನೊಂದು ಪ್ರೋಗ್ರಾಂ ಬಂದಿತ್ತು. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಸಾಧನಗಳಿಗಾಗಿ ಮಾಡಿದ್ದು. ಅಂಥ ಒಂದು ಸಾಧನದ ಒಳಗೂ ಇದೇ ಚಿಪ್ ಇದೆ, ಇದೇ 7523. ಯುಡೆವ್‌ಗೆ ಆ ಪ್ರೋಗ್ರಾಂ ಕೊಟ್ಟ ನಿಯಮ ಹೇಳುತ್ತದೆ: ಈ ನಂಬರ್ ಕಂಡರೆ ನನ್ನನ್ನು ಎಬ್ಬಿಸು. ಅದು ಎದ್ದು, ಕರ್ನಲ್ ಡ್ರೈವರನ್ನು ಬಿಡಿಸಿ, ಕೇಬಲ್ಲನ್ನು ತಾನೇ ಹಿಡಿದುಕೊಂಡಿತ್ತು. ಆಚೆ ತುದಿಯಲ್ಲಿ ಬ್ರೈಲ್ ಸಾಧನ ಇರಲಿಲ್ಲ, ಮೆಕ್ಕೆಜೋಳದ ತೂಕ ಇತ್ತು.

ತಪ್ಪು ಯಾರದ್ದು ಅಂದರೆ ನಾನು ಆ ಪ್ರೋಗ್ರಾಂ ಕಡೆ ಬೆರಳು ತೋರಿಸಲಾರೆ. ಚೀಟಿಯಲ್ಲಿದ್ದ ನಂಬರ್ ಚಿಪ್ಪಿನದ್ದು, ಚಿಪ್ಪಿನ ಹಿಂದೆ ಕೂತ ಸಾಧನದ್ದಲ್ಲ. ಸಾಧನ ಮಾಡುವವರು ತಮ್ಮದೇ ನಂಬರ್ ಹಾಕದೆ ಚಿಪ್ಪಿನ ಜೊತೆ ಬಂದದ್ದನ್ನೇ ಬಿಟ್ಟರೆ, ಕರ್ನಲ್ ಎಷ್ಟು ಜಾಣ ಇದ್ದರೂ ತೂಕದ ಮಷೀನು ಯಾವುದು, ಬ್ರೈಲ್ ಸಾಧನ ಯಾವುದು ಅಂತ ಹೇಳಲಾರದು, ಅಲ್ವಾ?

ಈ ತೊಂದರೆಗೆ ಆ ಪ್ರೋಗ್ರಾಮನ್ನೇ ತೆಗೆದುಹಾಕಿ ಎಂದು ಹಲವರು ಹೇಳುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಈ ಕಂಪ್ಯೂಟರ್ ನಾಳೆ ಯಾರ ಮುಂದೆ ಹೋಗುತ್ತದೋ. ಕಣ್ಣು ಕಾಣದ ಒಬ್ಬರಿಗೆ ಆ ಪ್ರೋಗ್ರಾಮೇ ಪರದೆ. ನಿಯಮದ ಫೈಲ್ ತೆರೆದು 7523 ಇರುವ ಒಂದೇ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದೆ. ಉಳಿದ ಬ್ರೈಲ್ ಸಾಧನಗಳ ಸಾಲುಗಳು ಹಾಗೇ ಇವೆ. ಕೇಬಲ್ ಮತ್ತೆ ಚುಚ್ಚಿದೆ. ಕನ್ವರ್ಟರ್ ಸಿಕ್ಕಿತು ಎಂಬ ಸಾಲು ಬಂತು. ಮಾವ, ಗುಮಾಸ್ತರು, ನಾನು ಮೂವರೂ ಪರದೆ ನೋಡುತ್ತಾ ನಿಂತೆವು. ಎರಡನೇ ಸಾಲು ಬರಲಿಲ್ಲ. ಹಮಾಲರು ಒಂದು ಚೀಲ ತಂದು ಮಷೀನಿನ ಮೇಲೆ ಇಟ್ಟರು.