ಈ ವರ್ಷ ಬಿಟ್ಟ ಬಾಡಿಗೆ ಮುಂದಿನ ವರ್ಷ ಸಿಗುವುದಿಲ್ಲ

"ಪಾಪ, ಈ ಸಲ ಬಾಡಿಗೆ ಏರಿಸೋದು ಬೇಡ. ಮುಂದಿನ ವರ್ಷ ಎರಡೂ ಸೇರಿಸಿ ಏರಿಸಿದರಾಯ್ತು."

ಬಜೆಟ್ ಮೀಟಿಂಗಿನಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದವರಿಗೆ ಮನೆ ಕೊಡುವ ಲಾಭರಹಿತ ಸಂಸ್ಥೆಗಳ ಲೆಕ್ಕ ನೋಡುವುದು ನನ್ನ ಕೆಲಸ. ಬೋರ್ಡಿನಲ್ಲಿ ಕೂರುವವರ ಮನಸ್ಸು ದೊಡ್ಡದು, ಅದಕ್ಕೆ ನನಗೆ ಗೌರವವಿದೆ. ಆದರೆ ಎರಡೂ ಸೇರಿಸಿ ಏರಿಸುವ ಆ "ಮುಂದಿನ ವರ್ಷ" ಎಷ್ಟೋ ಊರುಗಳಲ್ಲಿ ಬರುವುದೇ ಇಲ್ಲ.

ಸ್ಯಾನ್ ಹೋಸೆಯನ್ನೇ ನೋಡಿ. 1979ರ ಸೆಪ್ಟೆಂಬರ್ 7ಕ್ಕೂ ಮೊದಲಿನ, ಮೂರು ಅಥವಾ ಜಾಸ್ತಿ ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಯನ್ನು ವರ್ಷಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಬಿಟ್ಟ ಏರಿಕೆಯನ್ನು ಆಮೇಲೆ ಸೇರಿಸಿಕೊಳ್ಳುವಂತೆಯೂ ಇಲ್ಲ. ಇಂಥ ಹಳೇ ಕಟ್ಟಡವನ್ನು ಬಾಡಿಗೆದಾರರ ಸಮೇತ ಕೊಂಡಿದ್ದೀರಿ, ಸರ್ಕಾರದ ಜೊತೆ ಬಾಡಿಗೆ ಮಿತಿಯ ಕರಾರು ಇನ್ನೂ ಆಗಿಲ್ಲ ಅನ್ನಿ. ಬಾಡಿಗೆ 1,500 ಡಾಲರ್. ಎರಡು ವರ್ಷವೂ ಪೂರ್ತಿ ಏರಿಸಿದರೆ 1,653.75 ಆಗುತ್ತದೆ. ಮೊದಲ ವರ್ಷ ಬಿಟ್ಟರೆ 1,575ಕ್ಕೇ ನಿಲ್ಲುತ್ತದೆ. ಮನೆಗೆ ತಿಂಗಳಿಗೆ 78.75 ಕಡಿಮೆ. 40 ಮನೆಗಳಿದ್ದರೆ ವರ್ಷಕ್ಕೆ 37,800 ಡಾಲರ್. ಇದು ಒಂದು ವರ್ಷದ ನಷ್ಟ ಮಾತ್ರ ಅಲ್ಲ. ಮುಂದಿನ ಪ್ರತಿ ಶೇ. 5 ಕೂಡ ಈ ಸಣ್ಣ ಮೊತ್ತದ ಮೇಲೇ ಬೀಳುತ್ತದೆ.

ಬಿಟ್ಟ ಏರಿಕೆಯನ್ನು ಮುಂದೆ ಸೇರಿಸಿಕೊಳ್ಳಲು ಕೆಲವು ಊರು ಬಿಡುತ್ತವೆ, ಸ್ಯಾನ್ ಫ್ರಾನ್ಸಿಸ್ಕೋ ಹಾಗೆ. ನಿಮ್ಮೂರಿನ ನಿಯಮವನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಮಾಮೂಲಿ ಮಾಲೀಕರಿಗೆ ಇದು ಅಷ್ಟು ತಟ್ಟುವುದಿಲ್ಲ. ಬಾಡಿಗೆದಾರರು ತಾವಾಗಿ ಬಿಟ್ಟುಹೋದರೆ, 1995ರ ರಾಜ್ಯ ಕಾನೂನಿನ ಪ್ರಕಾರ, ಹೊಸಬರಿಗೆ ಸಾಮಾನ್ಯವಾಗಿ ಮಾರುಕಟ್ಟೆ ಬಾಡಿಗೆ ಹಾಕಬಹುದು. ನಮ್ಮ ಕಟ್ಟಡಗಳಲ್ಲಿ ಬಿಟ್ಟುಹೋಗುವವರು ಯಾರು? ಈ ಬಾಡಿಗೆಗೆ ಅವರಿಗೆ ಬೇರೆಲ್ಲೂ ಮನೆ ಸಿಗುವುದಿಲ್ಲ. ಅವರು ಉಳಿಯಲಿ ಅಂತಲೇ ತಾನೇ ನಾವಿರುವುದು? ಆದರೆ ವಿಮೆ, ಲಿಫ್ಟು, ಸೋರುವ ಛಾವಣಿಯ ಖರ್ಚಿಗೆ ಶೇ. 5ರ ಮಿತಿ ಇಲ್ಲ. ವರ್ಷಗಟ್ಟಲೆ ಏರಿಸದ ಒಂದು ಸಂಸ್ಥೆ ಕೊನೆಗೆ ಛಾವಣಿ ರಿಪೇರಿಯನ್ನೇ ಮುಂದಕ್ಕೆ ಹಾಕಿತು. ಮಳೆಗಾಲದಲ್ಲಿ ಬಕೆಟ್ ಇಟ್ಟುಕೊಂಡವರು ಅದೇ ಬಾಡಿಗೆದಾರರು.

"ನಮಗೆ ವಿನಾಯಿತಿ ಇದೆಯಲ್ಲ" ಅನ್ನುವವರೂ ಇದ್ದಾರೆ. ಕರಾರಿನಡಿ ಕಡಿಮೆ ಆದಾಯದವರಿಗೇ ಮೀಸಲಾದ ಮನೆಗಳಿಗೆ ರಾಜ್ಯದ 2019ರ ಬಾಡಿಗೆ ಮಿತಿ ಅನ್ವಯಿಸುವುದಿಲ್ಲ, ನಿಜ. ಅಲ್ಲಿ ಮಿತಿ ಬೇರೆ: ಆ ಪ್ರದೇಶದ ಎಲ್ಲ ಕುಟುಂಬಗಳ ಆದಾಯದ ನಡುಮಟ್ಟದ ಲೆಕ್ಕ. ಟೆಕ್ ಸಂಬಳ ಏರಿದರೆ ಅದೂ ಏರುತ್ತದೆ, ಬಾಡಿಗೆದಾರರ ಸಂಬಳ ಏರದಿದ್ದರೂ. ಹಾಗಾಗಿಯೇ ಟ್ಯಾಕ್ಸ್ ಕ್ರೆಡಿಟ್ ಮನೆಗಳಿಗೂ (ಹೂಡಿಕೆದಾರರಿಗೆ ಸರ್ಕಾರ ಕೊಡುವ ತೆರಿಗೆ ರಿಯಾಯಿತಿಯ ನೆರವಿನಿಂದ ಆದ ಕಡಿಮೆ ಆದಾಯದವರ ಮನೆಗಳು) ವಾರ್ಷಿಕ ಮಿತಿ ಬೇಕೆಂದು ರಾಜ್ಯದ ಸಮಿತಿ 2024ರಲ್ಲಿ ಹೆಜ್ಜೆ ಇಟ್ಟಿತು. ಇವತ್ತಿನ ವಿನಾಯಿತಿ ನಾಳೆಯೂ ಇರುತ್ತದೆ ಅಂತ ಬಜೆಟ್ ಬರೆಯಬೇಡಿ.

ಎಲ್ಲರಿಗೂ ಪೂರ್ತಿ ಏರಿಸಿ ಅಂತ ಹೇಳುತ್ತಿಲ್ಲ. ವರ್ಷವರ್ಷ ಸ್ವಲ್ಪ ಏರಿಸಿ. ನಿಜಕ್ಕೂ ಕಷ್ಟದಲ್ಲಿರುವವರಿಗೆ ಬೇರೆ ಸಹಾಯ ನಿಧಿಯಿಂದ ಕೊಡಿ. ಮೀಟಿಂಗಿಗೆ ಮೊದಲು ಪ್ರತಿ ಮನೆಯ ಕೊನೆಯ ಏರಿಕೆಯ ತಾರೀಕು ಬರೆಸಿ ತರಿಸಿಕೊಳ್ಳಿ.