ಎರಡು ಭಾಷೆ ಬಂದರೆ ಸಾಲದು: ಅಮೆರಿಕದ ಕೋರ್ಟ್ ದುಭಾಷಿಗೆ ಪರೀಕ್ಷೆ ಬಂದ ಬಗೆ

1967ರಲ್ಲಿ ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ನೆಗ್ರೊನ್ ಎಂಬ ಕೂಲಿಕಾರನ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಪೋರ್ಟೊರಿಕೊದ ಆತನಿಗೆ ಇಂಗ್ಲಿಷ್ ಬಾರದು, ವಕೀಲರಿಗೆ ಸ್ಪ್ಯಾನಿಷ್ ಬಾರದು. ಸರ್ಕಾರದ ಕಡೆಯ 14 ಸಾಕ್ಷಿಗಳಲ್ಲಿ 12 ಮಂದಿ ನುಡಿದದ್ದು ಇಂಗ್ಲಿಷಿನಲ್ಲೇ. ಪ್ರಾಸಿಕ್ಯೂಷನ್ ಕರೆಸಿದ್ದ ದುಭಾಷಿ ವಿರಾಮದಲ್ಲಿ ಹತ್ತಿಪ್ಪತ್ತು ನಿಮಿಷ ಸಾರಾಂಶ ಹೇಳಿ ಕೈತೊಳೆದುಕೊಂಡರು. ಸಾಕ್ಷಿ ಎಲ್ಲಿ ಸುಳ್ಳಾಡಿದ ಎಂದು ಪಾಟೀಸವಾಲಿನ ಹೊತ್ತಿಗೆ ವಕೀಲರ ಕಿವಿಗೆ ಹಾಕುವ ದಾರಿಯೇ ಆರೋಪಿಗೆ ಇರಲಿಲ್ಲ. ಹೀಗೆ ಬಂದ ಶಿಕ್ಷೆ ನಿಲ್ಲದು ಎಂದು 1970ರಲ್ಲಿ ಫೆಡರಲ್ (ಅಂದರೆ ಕೇಂದ್ರದ) ಮೇಲ್ಮನವಿ ನ್ಯಾಯಾಲಯ ಹೇಳಿತು. ಅಗತ್ಯ ಬಿದ್ದರೆ ಸರ್ಕಾರದ ಖರ್ಚಿನಲ್ಲೇ ಸಮರ್ಥ ದುಭಾಷಿಯನ್ನು ಪಡೆಯುವ ಹಕ್ಕು ಆರೋಪಿಗಿದೆ ಎಂದಿತು.

ಸಮರ್ಥ ಅಂದರೆ ಯಾರು? ಫೆಡರಲ್ ಕೋರ್ಟುಗಳ ದುಭಾಷಿಗಳಿಗೆಂದೇ ಬಂದ 1978ರ ಕೋರ್ಟ್ ಇಂಟರ್ಪ್ರಿಟರ್ಸ್ ಆಕ್ಟ್ ಅದನ್ನು ಪರೀಕ್ಷೆಗೆ ಒಪ್ಪಿಸಿತು. ಸ್ಪ್ಯಾನಿಷ್ ಪರೀಕ್ಷೆ 1980ರಲ್ಲಿ ಶುರುವಾಯಿತು. ಲಿಖಿತದಲ್ಲಿ ಪಾಸಾದವರಿಗಷ್ಟೇ ಸುಮಾರು 45 ನಿಮಿಷದ ಮೌಖಿಕ: ಕಾಗದ ನೋಡಿಕೊಂಡು ಬಾಯಲ್ಲೇ ಅನುವಾದ, ಸಾಕ್ಷಿ ನಿಲ್ಲಿಸಿದ ಮೇಲೆ ಹೇಳುವುದು, ಮಾತಿನ ಬೆನ್ನಿಗೇ ಹೇಳುತ್ತ ಹೋಗುವುದು. ಈ ಕೊನೆಯದು ನಿಮಿಷಕ್ಕೆ 120 ಪದದ ವೇಗ, ಸಂಭಾಷಣೆಯಲ್ಲಿ 160ರವರೆಗೂ. ಪಠ್ಯದೊಳಗೆ 220 ಅಂಕದ ಗುರುತುಗಳನ್ನು ಹುದುಗಿಸಿರುತ್ತಾರೆ: ಒಂದು ಸಂಖ್ಯೆ, ಒಂದು ಬೈಗುಳ, ಒಂದು 'ಬಹುಶಃ'. ಪಾಸಾಗಲು ಶೇ 80, ಅಂದರೆ 176 ಸರಿಯಿರಬೇಕು. ಭಾಷೆ ಚೆನ್ನಾಗಿ ಬಲ್ಲವರೇ ಇಲ್ಲಿ ಎಡವುತ್ತಾರೆ. ಒರಟು ಮಾತನ್ನು ಅವರು ನಯ ಮಾಡುತ್ತಾರೆ, ತೊದಲಿದ್ದನ್ನು ತಿದ್ದುತ್ತಾರೆ, ಉದ್ದವಾದದ್ದನ್ನು ಅಡಕ ಮಾಡುತ್ತಾರೆ. ಪ್ರತಿ ಉಪಕಾರಕ್ಕೂ ಒಂದೊಂದು ಅಂಕ ಹೋಗುತ್ತದೆ.

ರಾಜ್ಯ ಕೋರ್ಟುಗಳದ್ದು ಬೇರೆ ಲೆಕ್ಕ. 1995ರಲ್ಲಿ ನಾಲ್ಕು ರಾಜ್ಯಗಳು ಒಕ್ಕೂಟ ಕಟ್ಟಿಕೊಂಡು ಪ್ರಶ್ನೆಪತ್ರಿಕೆ ಹಂಚಿಕೊಳ್ಳತೊಡಗಿದವು. ಆಮೇಲೆ ಉಳಿದವು ಸೇರಿದವು.

ಕನ್ನಡಕ್ಕೆ ಇಂಥ ಪರೀಕ್ಷೆಯಿಲ್ಲ. ಫೆಡರಲ್ ಮಟ್ಟದಲ್ಲಿ ಈಗ ನಡೆಯುವುದು ಸ್ಪ್ಯಾನಿಷ್ ಒಂದೇ. ನವಾಹೊ, ಹೈಟಿಯನ್ ಕ್ರಿಯೋಲ್ ಪರೀಕ್ಷೆಗಳು ನಿಂತುಹೋದವು. ಕ್ಯಾಲಿಫೋರ್ನಿಯಾದಲ್ಲಿ ಪಂಜಾಬಿಗೆ ಪೂರ್ಣ ಪ್ರಮಾಣಪತ್ರವಿದೆ, ಕನ್ನಡದವರಿಗೆ 'ನೋಂದಾಯಿತ' ಎಂಬ ದರ್ಜೆ ಮಾತ್ರ. (ನಮ್ಮ ಕ್ರಿಮಿನಲ್ ಕಾನೂನೂ ದುಭಾಷಿ ನಿಜವನ್ನೇ ಹೇಳಬೇಕು ಎನ್ನುತ್ತದೆ: ಹಿಂದೆ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 282, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 317. ಪರೀಕ್ಷೆಯ ಮಾತು ಆ ಕಲಮಿನಲ್ಲಿ ಇಲ್ಲ.)

ಪರೀಕ್ಷೆಯಿಲ್ಲದಿದ್ದರೆ ಏನು ಜಾರುತ್ತದೆ? ಸಾಕ್ಷಿ "ಅವನು ಹೊಡೆದನಂತೆ" ಅನ್ನುತ್ತಾನೆ. ದುಭಾಷಿ ಇಂಗ್ಲಿಷಿನಲ್ಲಿ "ಹೊಡೆದ" ಎಂದಷ್ಟೇ ಹೇಳಿದರೆ, ಕೇಳಿದ ಮಾತು ಕಂಡ ಸಾಕ್ಷ್ಯವಾಯಿತು. "ನೀವು ಅಲ್ಲಿಗೆ ಹೋಗಿರಲಿಲ್ಲವೇ?" ಎಂಬುದಕ್ಕೆ ನಮ್ಮವರು "ಹೌದು" ಅಂದರೆ ಹೋಗಿರಲಿಲ್ಲ ಎಂದೂ ಆಗಬಹುದು, ಬರೀ 'ಯೆಸ್' ಅಂದರೆ ಇಂಗ್ಲಿಷ್ ಕಿವಿಗೆ ಹೋಗಿದ್ದ ಎಂದಾಗುತ್ತದೆ. ಸ್ಟೆನೊಗ್ರಾಫರ್ ಟೈಪಿಸುವುದು ದುಭಾಷಿಯ ಇಂಗ್ಲಿಷನ್ನು, ಸಾಕ್ಷಿಯ ಕನ್ನಡವನ್ನಲ್ಲ. ಕನ್ನಡ ಬಲ್ಲ ಯಾರಾದರೂ ಆಗಿಂದಾಗಲೇ ಎದ್ದು ಆಕ್ಷೇಪಿಸದಿದ್ದರೆ ಮೇಲ್ಮನವಿಗೆ ಹೋಗುವ ಕಡತದಲ್ಲಿ 'ಅಂತೆ'ಯ ಸುಳಿವೇ ಇರುವುದಿಲ್ಲ.